ಗಿರಣಿಯಲ್ಲಿ ಮಾತ್ರ ಕೇಳುತ್ತಿದ್ದ ಕಿವಿ

ಕೇಳುಗರಿಗೆ ನಮಸ್ಕಾರ. ಇವತ್ತು ನಮ್ಮ ಕಾಕಾನ ಬಗ್ಗೆ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ, ಮೂವತ್ತು ವರ್ಷ ಅಲ್ಲೇ ಕಿವಿ, ಮೂಗು, ಗಂಟಲಿನ ಸರ್ಜನ್ ಆಗಿ ದುಡಿದವರು. ಅವರ ಕಥೆ ಶುರುವಾಗುವುದು ಹಳೇಹುಬ್ಬಳ್ಳಿಯ ಒಂದು ಹಿಟ್ಟಿನ ಗಿರಣಿಯಲ್ಲಿ.

ನಮ್ಮ ಅಜ್ಜಿಗೆ ಕಿವಿ ಮಂದ. ಮೊದಲ ಬಾಣಂತನದ ಹೊತ್ತಿಗೆ ಶುರುವಾಗಿದ್ದು, ಮೂರನೆಯ ಮಗು ಹುಟ್ಟುವಷ್ಟರಲ್ಲಿ ಜಾಸ್ತಿಯಾಯಿತು. ಮನೆಯಲ್ಲಿ ಕರೆದರೆ ತಿರುಗುತ್ತಿರಲಿಲ್ಲ. ಆದರೆ ಜೋಳ ಬೀಸಿಸಲು ಗಿರಣಿಗೆ ಹೋದಾಗ, ಆ ಗದ್ದಲದಲ್ಲಿ ಉಳಿದವರೆಲ್ಲ ಕೈಸನ್ನೆಯಲ್ಲಿ ಮಾತಾಡುತ್ತಿದ್ದರೆ, ಅಜ್ಜಿ ಮಾತ್ರ ಪಕ್ಕದವರು ಅಂದಿದ್ದನ್ನು ಸರಿಯಾಗಿ ಕೇಳಿಸಿಕೊಂಡು ಉತ್ತರ ಕೊಡುತ್ತಿದ್ದಳು. ಅದನ್ನು ನೋಡಿದ ಓಣಿಯವರು ಏನಂದರು ಗೊತ್ತಾ? "ಆಕಿಗೆ ಬೇಕಾದಾಗಷ್ಟ ಕೇಳಸ್ತದ." ಎಷ್ಟು ವರ್ಷ ಆ ಮಾತು ಹೊತ್ತಳೋ ಪಾಪ.

ಹುಬ್ಬಳ್ಳಿಯ ಮೆಡಿಕಲ್ ಕಾಲೇಜು, ನಮ್ಮೆಲ್ಲರ ಬಾಯಲ್ಲಿ ಕೆಎಂಸಿ, 1957ರಲ್ಲಿ ಶುರುವಾಯಿತು. ಕಾಕಾ ಅಲ್ಲಿ ಸೇರಿದರು. ಒಂದು ದಿನ ಕ್ಲಾಸಿನಲ್ಲಿ ಓಟೋಸ್ಕ್ಲೆರೋಸಿಸ್ ಎಂಬ ಕಿವಿಯ ಕಾಯಿಲೆಯ ಪಾಠ. ಬಸುರಿನಲ್ಲಿ ಹೆಚ್ಚಾಗಬಹುದು, ಮನೆತನದಲ್ಲಿ ಬರಬಹುದು, ಇಂಥವರಿಗೆ ಗದ್ದಲದಲ್ಲೇ ಮಾತು ಚೆನ್ನಾಗಿ ಕೇಳುತ್ತದೆ ಎಂದರಂತೆ ಮೇಷ್ಟ್ರು. ಗದ್ದಲದಲ್ಲಿ ಎಲ್ಲರೂ ದನಿ ಎತ್ತಿ ಮಾತಾಡುತ್ತಾರೆ, ಯಂತ್ರದ ಸದ್ದು ಇಂಥ ಕಿವಿಗೆ ಅಷ್ಟಾಗಿ ತಟ್ಟುವುದಿಲ್ಲ, ಎತ್ತಿದ ದನಿ ಮಾತ್ರ ಒಳಗೆ ಹೋಗುತ್ತದೆ. ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ 1672ರಲ್ಲೇ ಇದನ್ನು ಬರೆದಿಟ್ಟಿದ್ದ: ಒಬ್ಬ ಹೆಂಗಸಿಗೆ ಡೋಲು ಬಾರಿಸಿದಾಗಲೇ ಮಾತು ಕೇಳುತ್ತಿತ್ತು, ಹಾಗಾಗಿ ಗಂಡ ಡೋಲು ಬಾರಿಸುವ ಆಳನ್ನೇ ಇಟ್ಟುಕೊಂಡಿದ್ದ. ಕಾಕಾನ ಕಣ್ಣ ಮುಂದೆ ಗಿರಣಿ ಬಂತು.

ಅವತ್ತು ಸಂಜೆ ಟ್ಯೂನಿಂಗ್ ಫೋರ್ಕ್, ಅಂದರೆ ತಟ್ಟಿದರೆ ನಾದ ಹೊರಡಿಸುವ ಲೋಹದ ಕವೆ, ಹಿಡಿದುಕೊಂಡೇ ಮನೆಗೆ ಬಂದರು. ತಟ್ಟಿ ಅಜ್ಜಿಯ ಕಿವಿಯ ಮುಂದೆ ಹಿಡಿದರು. ಇಲ್ಲ ಎಂದು ತಲೆಯಾಡಿಸಿದಳು. ಮತ್ತೆ ತಟ್ಟಿ ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಅಜ್ಜಿ ಕಣ್ಣರಳಿಸಿ ಮಗನನ್ನೇ ನೋಡಿದಳು. ನರ ಗಟ್ಟಿ ಇದೆ, ದಾರಿ ಮಾತ್ರ ಕಟ್ಟಿದೆ ಎಂದರ್ಥ.

ಆ ದಾರಿ ಕಟ್ಟುವುದು ಕಿವಿಯೊಳಗಿನ ಸ್ಟೇಪಿಸ್ ಎಂಬ ಎಲುಬು. ಕುದುರೆ ಸವಾರ ಕಾಲಿಡುವ ರಿಕಾಬಿನ ಆಕಾರ, ಎತ್ತರ ಸುಮಾರು 3 ಮಿಲಿಮೀಟರ್. ನಮ್ಮ ಮೈಯಲ್ಲಿ ಅದಕ್ಕಿಂತ ಸಣ್ಣ ಎಲುಬಿಲ್ಲ. ಈ ಕಾಯಿಲೆಯಲ್ಲಿ ಅದು ಅಲುಗಾಡದಂತೆ ಅಂಟಿಕೊಂಡುಬಿಡುತ್ತದೆ. ಅಮೆರಿಕದ ಜಾನ್ ಶೇ 1956ರಲ್ಲಿ ಅದನ್ನು ತೆಗೆದು ಟೆಫ್ಲಾನಿನ ಪುಟ್ಟ ಬದಲಿ ಎಲುಬು ಕೂಡಿಸಿದರು. ಸೂಕ್ಷ್ಮದರ್ಶಕದ ಕೆಳಗೆ, ಉಸಿರು ಬಿಗಿಹಿಡಿದು ಮಾಡುವ ಕೆಲಸ. ನುರಿತ ಕೈಯಲ್ಲೂ ಒಮ್ಮೊಮ್ಮೆ ಇದ್ದ ಕಿವಿಯೂ ಹೋಗಬಹುದು. ಇದನ್ನು ಕಲಿಯಲೇಬೇಕು ಎಂದು ಕಾಕಾ 1969ರಲ್ಲಿ ಹಡಗು ಹತ್ತಿದರು.

ಅಲ್ಲಿ ಕೆಂಪು ಹಾಸು ಏನೂ ಹಾಸಿರಲಿಲ್ಲ. ಬೇರೆಯವರು ಒಲ್ಲೆ ಎಂದ ರಾತ್ರಿ ಪಾಳಿ, ಆರು ತಿಂಗಳಿಗೊಂದು ಊರು. ಎಫ್‌ಆರ್‌ಸಿಎಸ್ ಎಂಬ ಸರ್ಜನ್ ಪರೀಕ್ಷೆ ಎರಡನೆಯ ಸಲಕ್ಕೆ ಪಾಸಾದರು. ಆ ದೇಶದಲ್ಲಿ ಸರ್ಜನ್ ಆದವರನ್ನು ಡಾಕ್ಟರ್ ಅನ್ನುವುದಿಲ್ಲ, ಮಿಸ್ಟರ್ ಅನ್ನುತ್ತಾರೆ. ಕ್ಷೌರಿಕರೇ ಶಸ್ತ್ರ ಹಿಡಿಯುತ್ತಿದ್ದ ಕಾಲದಿಂದ ಬಂದ ರೂಢಿ ಅದು. ಕಾಕಾ ಪತ್ರದಲ್ಲಿ "ಈಗ ನಾನು ಡಾಕ್ಟರ್ ಅಲ್ಲ, ಮಿಸ್ಟರ್" ಎಂದು ಖುಷಿಯಿಂದ ಬರೆದರೆ, ಮಗನ ಡಾಕ್ಟರಕಿ ಹೋಯಿತೆಂದು ಅಜ್ಜಿ ಎರಡು ದಿನ ಊಟ ಬಿಟ್ಟಳು.

1978ರಲ್ಲಿ ಅಜ್ಜಿಯನ್ನು ಕರೆಸಿಕೊಂಡರು. ಹೆತ್ತ ತಾಯಿಗೆ ತಾವೇ ಕತ್ತರಿ ಹಿಡಿಯಲಿಲ್ಲ, ಕಲಿಸಿದ ಗುರುವಿಗೇ ಒಪ್ಪಿಸಿದರು. ಕಿವಿಯ ಸುತ್ತ ಮಾತ್ರ ಮರಗಟ್ಟಿಸಿ ಮಾಡುವ ಆಪರೇಷನ್, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಎಲುಬಿನ ಬದಲಿಗೆ ಪುಟ್ಟ ಕಡ್ಡಿ ಕೂಡಿಸಿದ ಮೇಲೆ ಪಿಸುಗುಟ್ಟಿ ಕೇಳಬೇಕು. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದು. ಹಾಗಾಗಿ ಕಾಕಾ ತಲೆಯ ಹತ್ತಿರ ನಿಂತಿದ್ದರು. ಗುರು ಕಣ್ಣಿನಲ್ಲೇ ಹೂಂ ಎಂದರು. ಕಾಕಾ ಬಗ್ಗಿ, ಉಸಿರಿನಷ್ಟೇ ಸಣ್ಣಗೆ, "ಅವ್ವಾ, ಕೇಳಸ್ತದೇನ?" ಎಂದರು.

"ಯಾಕ ಒದರತಿ?" ಎಂದಳು ಅಜ್ಜಿ.

ಇದನ್ನು ಹೇಳುವಾಗ ಕಾಕಾ ಈಗಲೂ ಕನ್ನಡಕ ತೆಗೆದು ಒರೆಸುತ್ತಾರೆ. ಅವರ ಕೈಯಲ್ಲಿ ಎಷ್ಟೋ ಜನರ ಕಿವಿ ತೆರೆದವು. ಆದರೆ ಅವರು ಬೇರೆ ಯಾರ ಕಥೆಯನ್ನೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಊರಿಗೆ ವಾಪಸ್ ಬರಬೇಕೆಂದು ಒಮ್ಮೆ ಅರ್ಜಿ ಹಾಕಿದ್ದರು. ಉತ್ತರ ಬರಲಿಲ್ಲ. ಆಮೇಲೆ ಪ್ರತಿ ವರ್ಷ ಸಂಕ್ರಾಂತಿಗೆ ಬಂದು, ಪಡಸಾಲೆಯಲ್ಲಿ ಕೂತು ಓಣಿಯ ಮಕ್ಕಳ ಕಿವಿ ನೋಡುತ್ತಿದ್ದರು. ಸೋರುವ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟವರ ಮೇಲೆ ಮಾತ್ರ ಸಿಟ್ಟಾಗುತ್ತಿದ್ದರು. ಕಿವಿಯ ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ನಡುಕಿವಿಗೆ ಇಳಿಯುತ್ತದೆ, ದಯವಿಟ್ಟು ಬಿಡಬೇಡಿ. ಪಿನ್ನು, ಕಡ್ಡಿ ಕೂಡ ಬೇಡ.

ಅಜ್ಜಿ ಇಂಗ್ಲೆಂಡಿನಿಂದ ಬಂದ ಮೇಲೆ ಕೆಲವು ವಾರ ರೊಟ್ಟಿಗೆಲ್ಲ ತಗಡಿನ ರುಚಿ ಅನ್ನುತ್ತಿದ್ದಳು. ರುಚಿಯ ನರವೊಂದು ಆ ಸ್ಟೇಪಿಸ್ ಎಲುಬಿನ ಹತ್ತಿರದಲ್ಲೇ ಹಾಯುತ್ತದೆ, ಅದಕ್ಕೆ. ರೇಡಿಯೋ ಸಣ್ಣಗೆ ಮಾಡಿಸಿದಳು. ಆಮೇಲೊಂದು ದಿನ ಎಂದಿನಂತೆ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದವಳು, ಐದೇ ನಿಮಿಷಕ್ಕೆ ಕಿವಿ ಮುಚ್ಚಿಕೊಂಡು ಮನೆಗೆ ಬಂದಳು. ಅವತ್ತಿನಿಂದ ಗಿರಣಿಯ ಕೆಲಸ ನನ್ನ ಪಾಲಿಗೆ ಬಂತು.