ದೊಡ್ಡಹುಣಸೆ: ಆಫ್ರಿಕದ ಬಾವೊಬಾಬ್ ಮರ

ಕೇಳುಗರಿಗೆ ನಮಸ್ಕಾರ.

ಹಾವೇರಿ ಜಿಲ್ಲೆಯ ಸವಣೂರಿನ ಕಲ್ಮಠಕ್ಕೆ ಹೆಸರು ತಂದ ದೊಡ್ಡಹುಣಸೆ ಮರಗಳನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅವು ಹುಣಸೆಯ ಬಳಗದವಲ್ಲ. ಕಾಯಿಯ ತಿರುಳಿನ ಹುಳಿಯನ್ನು ಕಂಡು ನಮ್ಮ ಜನ ಆ ಹೆಸರಿಟ್ಟರು. ಆಫ್ರಿಕದ ಒಣ ಬಯಲುಗಳ ಬಾವೊಬಾಬ್ ಮರವೇ ಇದು.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಡನ್ಸೋನಿಯಾ ಡಿಜಿಟಾಟಾ. 1749ರಲ್ಲಿ ಸೆನೆಗಲ್‌ಗೆ ಹೋಗಿ, ಅಲ್ಲಿ ಈ ಮರವನ್ನು ಅಭ್ಯಾಸ ಮಾಡಿದ ಫ್ರೆಂಚ್ ವಿಜ್ಞಾನಿ ಮಿಶೆಲ್ ಅಡಾನ್ಸನ್ ಅವರ ನೆನಪು ಮೊದಲ ಪದದಲ್ಲಿದೆ. ಎರಡನೆಯ ಪದ ಬೆರಳನ್ನು ಸೂಚಿಸುತ್ತದೆ. ಒಂದೇ ತೊಟ್ಟಿನ ತುದಿಯಲ್ಲಿ ಐದೋ ಏಳೋ ಕಿರುಎಲೆಗಳು ಬಿಚ್ಚಿದ ಅಂಗೈಯಂತೆ ಹರಡಿರುತ್ತವೆ. ಈ ಕುಲದ ಎಂಟು ಪ್ರಭೇದಗಳಲ್ಲಿ ಆರು ಮಡಗಾಸ್ಕರ್‌ನಲ್ಲಿ, ಒಂದು ಆಸ್ಟ್ರೇಲಿಯಾದಲ್ಲಿ ಬೆಳೆಯುತ್ತವೆ.

ಬಾವೊಬಾಬ್ ದಾಸವಾಳದ ಕುಟುಂಬಕ್ಕೆ ಸೇರಿದ್ದು. ಹತ್ತಿ, ಬೆಂಡೆ, ಪುಂಡಿ ಎಲ್ಲವೂ ಇದರ ನೆಂಟರೇ. ಈ ನಂಟನ್ನು ನೆನಪಿನಲ್ಲಿಟ್ಟುಕೊಂಡರೆ ಮರದ ಉಪಯೋಗಗಳು ನಮಗೆ ಹೊಸವೆನಿಸುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಪುಂಡಿಯ ಸೊಪ್ಪು ಪಲ್ಯವಾದರೆ, ಅದರ ತೊಗಟೆಯ ನಾರು ಹಗ್ಗವಾಗುತ್ತದೆ. ಪಶ್ಚಿಮ ಆಫ್ರಿಕದಲ್ಲಿಯೂ ಹಾಗೆಯೇ: ಮಳೆಗಾಲದಲ್ಲಿ ಚಿಗುರಿದ ಬಾವೊಬಾಬ್ ಎಲೆಗಳನ್ನು ಕೊಯ್ದು, ಒಣಗಿಸಿ, ಕುಟ್ಟಿ ಪುಡಿ ಮಾಡಿಟ್ಟುಕೊಂಡು ಎಲೆಯುದುರುವ ಬೇಸಿಗೆಯನ್ನು ಅದರಿಂದ ದಾಟಿಸುತ್ತಾರೆ. ಹೌಸಾ ಜನ ಇದನ್ನು 'ಕುಕಾ' ಎಂದು ಕರೆದು ಸಾರಿಗೆ ಹಾಕುತ್ತಾರೆ. ಸೆನೆಗಲ್‌ನಲ್ಲಿ 'ಲಾಲೊ' ಎಂಬ ಹೆಸರಿನಲ್ಲಿ ಸಜ್ಜೆಯ ಊಟಕ್ಕೆ ಬೆರೆಸುತ್ತಾರೆ. ಬೆಂಡೆಕಾಯಿಯ ಲೋಳೆ ಇದರಲ್ಲಿಯೂ ಇರುವುದರಿಂದ ಒಣ ಹಿಟ್ಟಿನ ಊಟ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ.

ಇನ್ನು ತೊಗಟೆಯ ಮಾತು. ಸಾಮಾನ್ಯವಾಗಿ ಮರದ ಸುತ್ತ ತೊಗಟೆ ಸುಲಿದರೆ ಅದು ಒಣಗಿ ಸಾಯುತ್ತದೆ. ಬಾವೊಬಾಬ್ ಹಾಗಲ್ಲ. ಬುಡದಿಂದ ಆಳೆತ್ತರದವರೆಗೆ ತೊಗಟೆಯನ್ನು ಹಾಳೆಹಾಳೆಯಾಗಿ ಸುಲಿದು, ಒಳನಾರನ್ನು ಜಜ್ಜಿ, ಬಿಡಿಸಿ ಹಗ್ಗ, ಚಾಪೆ, ಬುಟ್ಟಿಗಳನ್ನು ಹೆಣೆದರೂ, ಆ ಗಾಯದ ಮೇಲೆ ಹೊಸ ತೊಗಟೆ ಬೆಳೆದು ಬರುತ್ತದೆ. ಈ ಮರದ ಗುಣಗಳಲ್ಲಿ ನನ್ನನ್ನು ಬಹುವಾಗಿ ಬೆರಗುಗೊಳಿಸಿರುವುದು ಇದೇ.

ಒಳಗಿನ ಕಟ್ಟಿಗೆ ಮಾತ್ರ ನೀರು ತುಂಬಿದ ಸ್ಪಂಜಿನಂತಿದ್ದು, ತೊಲೆಗೂ ಹಲಗೆಗೂ ಒದಗುವುದಿಲ್ಲ. ಕೊಡಲಿಯಿಂದ ಮರವನ್ನು ಇದೂ ಕಾಪಾಡಿರಬೇಕು. ಸುಡಾನ್‌ನ ಕೊರ್ಡೊಫಾನ್ ಪ್ರದೇಶದಲ್ಲಿ ಕಾಂಡವನ್ನು ಒಳಗಿನಿಂದ ಕೊರೆದು, ಮಳೆನೀರನ್ನು ತುಂಬಿ, ಬೇಸಿಗೆಗೆ ಕಾಪಿಡುವ ಪದ್ಧತಿಯಿತ್ತು. ಜೀವಂತ ಮರವೇ ಅಲ್ಲಿ ನೀರಿನ ತೊಟ್ಟಿ. ಕಾಂಡಗಳು ಪೊಳ್ಳಾಗುವುದರಿಂದ ಉಂಗುರ ಎಣಿಸಿ ವಯಸ್ಸು ಹೇಳಲಾಗದು. ಕಟ್ಟಿಗೆಯಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಕಂಡುಕೊಳ್ಳುವುದೇ ಗತಿ. ಜಿಂಬಾಬ್ವೆಯಲ್ಲಿ 2011ರಲ್ಲಿ ಸತ್ತ ಪಾಂಕೆ ಎಂಬ ಮರಕ್ಕೆ ಹಾಗೆ ಅಳೆದಾಗ ಸುಮಾರು 2,450 ವರ್ಷಗಳಾಗಿದ್ದವು.

ಹೂವು ದೊಡ್ಡದು, ಬಿಳಿಯದು, ಉದ್ದ ತೊಟ್ಟಿನಲ್ಲಿ ತಲೆಕೆಳಗಾಗಿ ತೂಗುತ್ತದೆ. ಸಂಜೆ ಅರಳಿ, ಇರುಳಲ್ಲಿ ಬಾವಲಿಗಳನ್ನು ಕರೆದು, ಮರುದಿನವೇ ಬಾಡುತ್ತದೆ. ಕಾಯಿಗೆ ಮಖಮಲ್ಲಿನಂಥ ರೋಮದ ಹೊದಿಕೆ. ಗಟ್ಟಿ ಚಿಪ್ಪನ್ನು ಕಲ್ಲಿಗೆ ಕುಕ್ಕಿ ಒಡೆದರೆ, ಕೆಂಪು ನಾರುಗಳ ನಡುವೆ ಕೆನೆಬಣ್ಣದ ಹಿಟ್ಟಿನ ಉಂಡೆಗಳು ಕಾಣುತ್ತವೆ. ಮರದಲ್ಲಿರುವಾಗಲೇ ತಿರುಳು ತಾನಾಗಿ ಒಣಗಿರುತ್ತದೆ. ಬಾಯಿಗೆ ಹಾಕಿದರೆ ಮೊದಲು ಹಿಟ್ಟು, ಮರುಕ್ಷಣ ಹುಳಿ. ಸಿ ಜೀವಸತ್ವ ಹೇರಳವಾಗಿರುವ ಈ ತಿರುಳನ್ನು ಸೆನೆಗಲ್‌ನಲ್ಲಿ ನೀರು, ಸಕ್ಕರೆ ಬೆರೆಸಿ 'ಬೂಯಿ' ಎಂಬ ಪಾನಕ ಮಾಡುತ್ತಾರೆ. ಪೂರ್ವ ಆಫ್ರಿಕದ ಕರಾವಳಿಯಲ್ಲಿ ಬೀಜಸಮೇತ ಸಕ್ಕರೆ, ಕೆಂಪು ಬಣ್ಣ ಹಚ್ಚಿದ 'ಉಬುಯು' ಮಕ್ಕಳ ಅಚ್ಚುಮೆಚ್ಚಿನ ತಿನಿಸು.

ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಕಾಡಿನಲ್ಲಿ ಆನೆಯಂಥ ಪ್ರಾಣಿಗಳ ಹೊಟ್ಟೆಯನ್ನು ಹಾದುಬಂದ ಬೀಜ ಸುಲಭವಾಗಿ ಮೊಳೆಯುತ್ತದೆ. ಮನೆಯಲ್ಲಿ ಬಿತ್ತುವವರು ಅದನ್ನು ಬಿಸಿನೀರಿನಲ್ಲಿ ನೆನೆಹಾಕುತ್ತಾರೆ. ಎಳೆಯ ಸಸಿಯಲ್ಲಿ ಬೆರಳುಗಳಿರುವುದಿಲ್ಲ. ಮೊದಲು ಬರುವುದು ಬಿಡಿಬಿಡಿ ಸಾದಾ ಎಲೆಗಳು. ಹಾಗಾಗಿ ದೊಡ್ಡ ಮರವನ್ನು ದೂರದಿಂದಲೇ ಗುರುತಿಸುವವರು ಕೂಡ ಅದರ ಬುಡದಲ್ಲಿರುವ ಸಸಿಯನ್ನು ಕಳೆಯೆಂದು ಕಿತ್ತುಬಿಡಬಹುದು.

ನಮಸ್ಕಾರ.