ಆಲೆಮನೆಯಿಂದ ಇಕ್ಕೇರಿಗೆ, ಸೈಕಲ್ ಮೇಲೆ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೂ ಕೇಳಿಸುತ್ತಿದೆ ಅಲ್ವಾ? ಸರಿ.

ಇವತ್ತಿನ ಮಾತಿಗೆ ಕಾರಣ ನನ್ನ ಅಕ್ಕನ ಮಗ. ಅವನು ಫ್ರಾನ್ಸಿಗೆ ಹೋಗಿ ಬಂದ. ಅಲ್ಲಿ ಬರ್ಗಂಡಿ ಸೀಮೆಯಲ್ಲಿ ಬೋನ್ ಅನ್ನುವ ಊರಿನಿಂದ ಸಾಂತನೆವರೆಗೆ ದ್ರಾಕ್ಷಿ ತೋಟಗಳ ನಡುವೆಯೇ ಒಂದು ಸೈಕಲ್ ದಾರಿ ಇದೆ. 20 ಚಿಲ್ಲರೆ ಕಿಲೋಮೀಟರ್. ಹಳೇ ಊರು, ಹಳೇ ಕಟ್ಟಡ, ನಡುನಡುವೆ ವೈನ್ ಮಾಡುವ ಮನೆಗಳು. ಬಂದವನೇ ಕೇಳಿದ, "ಮಾವ, ನಮ್ಮ ಸಾಗರದಲ್ಲಿ ಇಂಥದ್ದು ಯಾಕಿಲ್ಲ?" ಇದೆ ಮಾರಾಯ, ನೀನು ಬೈಕಿನಲ್ಲಿ ಹೋಗಿ ಕಂಡಿಲ್ಲ ಅಷ್ಟೇ ಅಂದೆ.

ದ್ರಾಕ್ಷಿ ನಮ್ಮಲ್ಲಿ ಆಗುವುದಿಲ್ಲ, ಅದು ನಿಜ. ವಿಜಯಪುರದ ಬಿಸಿಲಿಗೆ ಆಗುವ ಬಳ್ಳಿ ನಮ್ಮ ಆಷಾಢದ ಮಳೆಗೆ ಎಲ್ಲಿ ತಡೆಯುತ್ತದೆ? ಆದರೆ ಫ್ರಾನ್ಸಿನ ದ್ರಾಕ್ಷಿ ತೋಟಕ್ಕೂ ನಮ್ಮ ಅಡಿಕೆ ತೋಟಕ್ಕೂ ಒಂದು ನಂಟಿದೆ. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಸುತ್ತೀರಲ್ಲ, ಅದರ ಹೆಸರು ಬೋರ್ಡೋ ದ್ರಾವಣ. ಬೋರ್ಡೋ ಅಂದರೆ ವೈನಿಗೆ ಹೆಸರಾದ ಫ್ರಾನ್ಸಿನ ಊರು. ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ಇದನ್ನು ಎರಚುತ್ತಿದ್ದರು. ರೋಗಕ್ಕಲ್ಲ, ಕಳ್ಳರಿಗೆ! ನೀಲಿ ಬಣ್ಣ ನೋಡಿ ದಾರಿಹೋಕರು ಹಣ್ಣು ಮುಟ್ಟದಿರಲಿ ಅಂತ. ಮಿಲಾರ್ಡೆ ಅನ್ನುವ ವಿಜ್ಞಾನಿ 1882ರಲ್ಲಿ ನೋಡಿದರೆ, ಒಳಗಿನ ಬಳ್ಳಿಗೆಲ್ಲ ಬೂಜು ರೋಗ, ರಸ್ತೆ ಬದಿಯವು ಮಾತ್ರ ಹಸಿರು. 1885ರ ಹೊತ್ತಿಗೆ ಔಷಧಿ ಸಿದ್ಧವಾಯಿತು. ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಗೆ ಹೊಡೆಸಿದರು. ದಾರಿಯಲ್ಲಿ ಹೋಗುವವರು ಹಣ್ಣು ಕದ್ದಿದ್ದಕ್ಕೆ ನಮ್ಮ ಅಡಿಕೆ ಕೊನೆ ಉಳಿಯಿತು ನೋಡಿ.

ಈಗ ನಮ್ಮ ದಾರಿಗೆ ಬರೋಣ. ಸಾಗರದಿಂದ ಉತ್ತರಕ್ಕೆ ಕೆಳದಿ, ದಕ್ಷಿಣಕ್ಕೆ ಇಕ್ಕೇರಿ. ಎರಡೂ ಹತ್ತು ಕಿಲೋಮೀಟರಿನೊಳಗೆ. ಬೆಳಿಗ್ಗೆ ಕೆಳದಿ ಮುಗಿಸಿ, ಊರಿಗೆ ವಾಪಸ್ ಬಂದು ತಿಂಡಿ ತಿಂದು, ಇಕ್ಕೇರಿ ಕಡೆ ತಿರುಗಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು. ಗೇರ್ ಸೈಕಲ್ಲೇ ಬೇಕು ಅಂತೇನಿಲ್ಲ. ನನ್ನದು ಹಳೇ ಸೈಕಲ್, ಏರು ಬಂದರೆ ಇಳಿದು ತಳ್ಳುವುದು.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿ, ಮೂರೂ ಗುಡಿ ಒಂದೇ ಅಂಗಳದಲ್ಲಿವೆ. ವೀರಭದ್ರನ ಗುಡಿಯ ಛಾವಣಿಯ ಗಂಡಭೇರುಂಡವನ್ನು ಕತ್ತೆತ್ತಿ ನೋಡಿ. ಪಾರ್ವತಿ ಗುಡಿಯ ಮರದ ಕೆತ್ತನೆಯನ್ನು ಹೆಚ್ಚಿನವರು ನೋಡದೇ ಬರುತ್ತಾರೆ, ಹಾಗೆ ಮಾಡಬೇಡಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡ ಚೆನ್ನಮ್ಮನ ಮನೆತನದ ಮೂಲ ಊರು ಇದು. ಆ ಕತೆ ನಿಮಗೆಲ್ಲ ಗೊತ್ತು, ಮುಂದೆ ಹೋಗೋಣ.

ಅಕ್ಕನ ಮಗ ವೈನ್ ಮಾಡುವ ಮನೆಗಳ ಮಾತು ಹೇಳಿದನಲ್ಲ, ಅದಕ್ಕೆ ನನ್ನ ಉತ್ತರ ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆ. ಸಂಕ್ರಾಂತಿ ಕಳೆದ ಮೇಲೆ ಹೊರಡಿ. ದಾರಿ ಹುಡುಕುವುದೇ ಬೇಡ, ವಾಸನೆ ಹಿಡಿದು ಹೋದರೆ ಸಾಕು. ಹಿಂದೆ ಗಾಣಕ್ಕೆ ಕೋಣ ಕಟ್ಟುತ್ತಿದ್ದರು, ಈಗ ಡೀಸೆಲ್ ಮಷೀನು. ಕೊಪ್ಪರಿಗೆಯ ಕೆಲಸ ಮಾತ್ರ ಮೊದಲಿನಂತೆಯೇ ಇದೆ. ಕಬ್ಬಿನ ಹಾಲು ಕಾಯುತ್ತಿದ್ದಂತೆ ಸುಣ್ಣ ಹಾಕುತ್ತಾರೆ. ಕಪ್ಪು ಕೊಳೆ ಮೇಲೆ ಬರುತ್ತದೆ, ಜಾಲರಿ ಸೌಟಿನಲ್ಲಿ ತೆಗೆಯುತ್ತಾರೆ. ಆಮೇಲೆ ಚಿನ್ನದ ಬಣ್ಣದ ನೊರೆ ಏಳುತ್ತದೆ. ಆ ನೊರೆಬೆಲ್ಲವನ್ನು ಬಾಳೆ ಎಲೆಯ ತುಂಡಿನ ಮೇಲೆ ಹಾಕಿಸಿಕೊಂಡು ಬೆರಳಲ್ಲಿ ನೆಕ್ಕಬೇಕು. ಉಂಡೆ ಬೆಲ್ಲಕ್ಕಾದರೆ ಪಾಕ ಇನ್ನೂ ಗಟ್ಟಿಯಾಗಬೇಕು, ನಮ್ಮ ಜೋನಿ ಬೆಲ್ಲಕ್ಕೆ ಸ್ವಲ್ಪ ಮೊದಲೇ ಇಳಿಸುತ್ತಾರೆ. ಆ ಸ್ವಲ್ಪ ಅಂದರೆ ಎಷ್ಟು ಅಂತ ಒಬ್ಬ ಅಜ್ಜನನ್ನು ಕೇಳಿದೆ. "ಗುಳ್ಳೆ ಸಣ್ಣದಾಗಿ, ಒಡೆಯುವ ಸದ್ದು ಬೇರೆ ಆಗ್ತದೆ, ಕೇಳು" ಅಂದ. ನಾನು ಕಿವಿ ಕೊಟ್ಟೆ. ನನಗೆ ಡೀಸೆಲ್ ಮಷೀನಿನ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ.

ಅದೃಷ್ಟ ಇದ್ದರೆ ತೊಡೆದೇವು ಅನ್ನುವ ಸಿಹಿ ತಿಂಡಿ ಮಾಡುವುದೂ ಕಾಣಬಹುದು. ಒಲೆಯ ಮೇಲೆ ಮಡಕೆ ಬೋರಲು ಹಾಕಿ, ಅಕ್ಕಿ ಹಿಟ್ಟು ಕಲಸಿದ ಕಬ್ಬಿನ ಹಾಲನ್ನು ಕೋಲಿಗೆ ಸುತ್ತಿದ ಬಟ್ಟೆಯಲ್ಲಿ ಅದ್ದಿ, ಒಂದೇ ಸಲ ಎಳೆದುಬಿಡಬೇಕು. ಎರಡನೇ ಸಲ ಎಳೆದರೆ ಹರಿಯುತ್ತದೆ. ಕಾಗದಕ್ಕಿಂತ ತೆಳ್ಳಗಿನ ಹಾಳೆ, ಬಿಸಿ ಇರುವಾಗಲೇ ಮಡಚಬೇಕು.

ಒಂದು ಎಚ್ಚರಿಕೆ. ನಿಂಬೆ, ಶುಂಠಿ ಹಾಕಿದ ಕಬ್ಬಿನ ಹಾಲನ್ನು ನಾನು ಮೂರು ಲೋಟ ಏರಿಸಿ, ಮೇಲೆ ಖಾರ ಮಂಡಕ್ಕಿ ತಿಂದು ಸೈಕಲ್ ಹತ್ತಿದ್ದೆ. ಮೊದಲ ಏರಿನಲ್ಲೇ ಹೊಟ್ಟೆ ಗುಡುಗುಡು ಅಂತು. ಶಾಲೆಗೆ ಹೊರಟ ಮಕ್ಕಳು ನಕ್ಕುಕೊಂಡು ನನ್ನ ಸೈಕಲ್ ತಳ್ಳಿಕೊಟ್ಟರು. ಒಂದು ಲೋಟ ಸಾಕು.

ಇಕ್ಕೇರಿಗೆ ಹೋದಾಗ ಒಂದು ವಿಷಯ ಮನಸ್ಸಿನಲ್ಲಿಡಿ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯವನು ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿ ಮನೆತನದ ದೊರೆ ವೆಂಕಟಪ್ಪ ನಾಯಕನನ್ನು ನೋಡಲು, ಆಗ ರಾಜಧಾನಿಯಾಗಿದ್ದ ಇಲ್ಲಿಗೆ ಬಂದಿದ್ದ. ಮೂರು ಬಾಗಿಲು ದಾಟಿ ಒಳಗೆ ಬಂದೆ, ಹೊರಗಿನ ಎರಡು ಸುತ್ತು ಗೋಡೆಯಲ್ಲ, ಒತ್ತಾಗಿ ಬೆಳೆಸಿದ ಎತ್ತರದ ಬಿದಿರು ಅಂತ ಬರೆದಿದ್ದಾನೆ. ಸೈಕಲ್ಲಿನಲ್ಲಿ ಹೋದರೆ ಇದರ ಅರ್ಥ ಕಾಲಿಗೇ ಗೊತ್ತಾಗುತ್ತದೆ. ಇಕ್ಕೇರಿಯ ಸುತ್ತ ನೆಲ ಸಪಾಟು. 1637-38ರಲ್ಲಿ ಬಿಜಾಪುರದ ಸೈನ್ಯ ಬಂದಾಗ ಬಿದಿರು ತಡೆಯಲಿಲ್ಲ. ರಾಜಧಾನಿ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಹೋಯಿತು. ಹೊಸನಗರ ದಾಟಿ ನಗರದ ಕಡೆ ಒಮ್ಮೆ ತುಳಿದು ನೋಡಿ, ಯಾಕೆ ಅಲ್ಲಿಗೆ ಹೋದರು ಅಂತ ಯಾರನ್ನೂ ಕೇಳುವುದಿಲ್ಲ! ಆ ಕೋಟೆಯನ್ನೂ 1763ರಲ್ಲಿ ಹೈದರಾಲಿ ಹಿಡಿದ, ಅದು ಬೇರೆ ಮಾತು. ನಗರಕ್ಕೆ ಒಂದಿಡೀ ದಿನ ಬೇಕು, ಇದರ ಜೊತೆ ಸೇರಿಸಬೇಡಿ.

ಇಕ್ಕೇರಿಯಲ್ಲಿ ಬಿದಿರೂ ಇಲ್ಲ, ಅರಮನೆಯೂ ಇಲ್ಲ. ಅಘೋರೇಶ್ವರ ದೇವಸ್ಥಾನ ಇದೆ, ಎದುರಿಗೆ ದೊಡ್ಡ ನಂದಿ. ಎಲ್ಲರೂ ನಂದಿಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಒಳಗೆ ಹೋಗಿ ನೆಲ ನೋಡಿ. ದೇವರಿಗೆ ಅಡ್ಡಬಿದ್ದ ಮೂವರು ನಾಯಕರ ಸಣ್ಣ ಉಬ್ಬುಚಿತ್ರಗಳಿವೆ, ಮೇಲೆ ಹೆಸರೂ ಕೆತ್ತಿದ್ದಾರೆ. ಒಬ್ಬನ ಕೈಕಾಲಿಗೆ ಬೇಡಿ. ಹುಚ್ಚ ಸೋಮಶಂಕಣ್ಣ ಅಂತ ಅವನ ಹೆಸರು. ಮನೆತನದ ಹುಚ್ಚನನ್ನೂ ಮುಚ್ಚಿಡದೆ, ಬೇಡಿ ಸಮೇತ ದೇವರ ಮುಂದೆ ಮಲಗಿಸಿದ್ದಾರೆ. ನನಗೆ ಆ ನಂದಿಗಿಂತ ಇವನ ಮೇಲೇ ಜಾಸ್ತಿ ಅಕ್ಕರೆ.

ಇನ್ನೊಂದು ನೋಡುವುದು ಕಂಬಗಳನ್ನು. ಈ ದೇವಸ್ಥಾನದ ಕಂಬದಿಂದ ಕಂಬಕ್ಕೆ ಇರುವ ಅಂತರವನ್ನೇ ತೋಟದ ಜಮೀನಿಗೆ ಅಳತೆಗೋಲು ಮಾಡಿಕೊಂಡಿದ್ದರು. 18 ಅಡಿ 6 ಅಂಗುಲ. ಅದಕ್ಕೆ ದಾಯ ಅಂತ ಹೆಸರು, ಒಂದು ಮರಕ್ಕೆ ಇಷ್ಟು ಅಂತ ಲೆಕ್ಕ. ಯೋಚನೆ ಮಾಡಿ, ಕಂದಾಯದವರ ಕೋಲಿನ ಮೇಲೆ ಅನುಮಾನ ಬಂದರೆ ರೈತ ಸೀದಾ ದೇವಸ್ಥಾನಕ್ಕೆ ಬಂದು ಅಳೆದು ನೋಡಬಹುದಿತ್ತು. ಕೋಲು ಕಡಿದು ಗಿಡ್ಡ ಮಾಡಬಹುದು, ಕಂಬ ಸರಿಸೋಕಾಗುತ್ತಾ?

ಬರುವ ಭಾನುವಾರ ಬೆಳಿಗ್ಗೆ 6ಕ್ಕೆ ಗಣಪತಿ ಕೆರೆ ಹತ್ತಿರ ಸೇರೋಣ. ಪಂಪು, ಪಂಕ್ಚರ್ ಸಾಮಾನು ಯಾರಾದರೂ ಒಬ್ಬರು ತನ್ನಿ. ಯಾವ ಕಂಬದಿಂದ ಯಾವ ಕಂಬಕ್ಕೆ 18 ಅಡಿ 6 ಅಂಗುಲ ಬರುತ್ತದೆ ಅಂತ ನೋಡಬೇಕು, ಟೇಪ್ ನಾನೇ ತರುತ್ತೇನೆ.