ಊರಿಗೆ ಹೊರಟಿದ್ದ ಮೋಗ್ಲಿಂಗ್ ಘಟ್ಟ ಹತ್ತಿದ್ದು

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಮಂಗಳೂರಿನಲ್ಲಿ ಬಸ್ಸು ಹತ್ತಿದಾಗ ಬೆವರು ಸುರಿಯುತ್ತಿತ್ತು. ಪುತ್ತೂರು, ಸುಳ್ಯ ದಾಟಿ ಸಂಪಾಜೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಮಡಿಕೇರಿಯಲ್ಲಿ ಇಳಿದಾಗ ಸ್ವೆಟರ್ ತರದೆ ತಪ್ಪು ಮಾಡಿದೆ ಅನ್ನಿಸಿತು. ಇದೇ ದಿಕ್ಕಿನಲ್ಲಿ, ಬಸ್ಸು ಇಲ್ಲದ ಕಾಲದಲ್ಲಿ, ಇಬ್ಬರು ಘಟ್ಟ ಹತ್ತಿದ್ದರು. ಇವತ್ತು ಆ ಇಬ್ಬರ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ.

ಒಬ್ಬರ ಹೆಸರು ನಿಮಗೆಲ್ಲ ಗೊತ್ತು. ಹರ್ಮನ್ ಮೋಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದವರು. 1843ರ ಜುಲೈ 1ರಂದು ಅದರ ಮೊದಲ ಸಂಚಿಕೆ ಬಂತು. ನಾಲ್ಕು ಪುಟ, ಕಲ್ಲಚ್ಚಿನ ಮುದ್ರಣ, ಹದಿನೈದು ದಿನಕ್ಕೊಮ್ಮೆ. ಆ ನೆನಪಿಗೇ ನಾವು ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸುವುದು. ಪ್ರತಿ ವರ್ಷ ಮೋಗ್ಲಿಂಗ್ ಫೋಟೋಗೆ ಹಾರ ಹಾಕುತ್ತೇವೆ, ಪತ್ರಿಕೆಯ ಬಗ್ಗೆ ಮಾತಾಡುತ್ತೇವೆ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಆ ಮನುಷ್ಯ ಆಮೇಲೆ ಏನಾದರು ಅನ್ನುವುದು ಮಾತಿನಲ್ಲಿ ಬರುವುದೇ ಕಡಿಮೆ. ಆಮೇಲೆ ಅವರು ನಿಮ್ಮ ಊರಿಗೆ, ಈ ಕೊಡಗಿಗೆ ಬಂದರು. ಬರಬೇಕು ಅಂತ ಇದ್ದವರಲ್ಲ. ಜರ್ಮನಿಗೆ ಹೋಗಬೇಕು ಅಂತ ಇದ್ದವರು.

ನನ್ನ ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. ವರ್ಗಾವಣೆ ಆರ್ಡರ್ ಬಂತು ಅಂದರೆ ನಮ್ಮ ಮನೆಯಲ್ಲಿ ಮೂರು ದಿನ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಟ್ರಂಕಿಗೆ ಪಾತ್ರೆ, ಗೋಣಿಗೆ ಪುಸ್ತಕ. ಯಾವ ಊರು ಅಂತ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಹೀಗೆ ಬೆಳೆದದ್ದಕ್ಕೋ ಏನೋ, ಮಿಶನರಿಗಳ ಜೀವನ ಓದುವಾಗ ನನಗೆ ಮೊದಲು ಹುಟ್ಟುವ ಪ್ರಶ್ನೆ ಒಂದೇ. ಇವರನ್ನು ಇಲ್ಲಿಗೆ ಕಳಿಸಿದವರು ಯಾರು?

ಮೋಗ್ಲಿಂಗ್ ಅವರನ್ನು ಕಳಿಸಿದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನಲ್ಲಿ ಇದಕ್ಕೆ ಉತ್ತರ ಸುಲಭ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಕೂತ ಸಮಿತಿ. 1834ರಲ್ಲಿ ಮೊದಲ ಮೂವರು, ಹೆಬಿಕ್, ಲೆನರ್, ಗ್ರೈನರ್, ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದು ಮಂಗಳೂರಿಗೆ ಬಂದರು. ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಅಂತ ಕೆಲಸ ಹಬ್ಬಿತು. ಯಾರು ಎಲ್ಲಿರಬೇಕು ಅನ್ನುವುದನ್ನು ಸಮಿತಿ ಹೇಳಬೇಕು. ಮದುವೆಯಾಗಲಿಕ್ಕೂ ಸಮಿತಿಯ ಒಪ್ಪಿಗೆ ಬೇಕಿತ್ತು. ಪತ್ರ ಬರೆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಸಾಲದ್ದಕ್ಕೆ 1851–52ರಲ್ಲಿ ಮಿಶನ್ನಿನ ಮುಖ್ಯಸ್ಥ ಯೋಸೆನ್‌ಹಾನ್ಸ್ ಸ್ವತಃ ಇಂಡಿಯಾಕ್ಕೆ ಬಂದು ಒಂದೊಂದು ಠಾಣೆಯನ್ನೂ ನೋಡಿ, ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿದರು. ಮೋಗ್ಲಿಂಗ್ ಘಟ್ಟ ಹತ್ತಿದ್ದು ಅಂಥ ಹೊತ್ತಿನಲ್ಲೇ.

ಅಷ್ಟು ಹೊತ್ತಿಗೆ ಅವರು ಮಂಗಳೂರಿನಲ್ಲಿ ಏನೇನು ಮಾಡಿದ್ದರು ಅಂತ ಸ್ವಲ್ಪ ಹೇಳುತ್ತೇನೆ. ಏನು ಬಿಟ್ಟು ಬಂದರು ಅಂತ ತಿಳಿಯಬೇಕಲ್ಲ.

ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕೆನ್‌ಹೈಮ್ ಅನ್ನುವ ಸಣ್ಣ ಊರಿನಲ್ಲಿ. ಓದಿದ್ದು ಟ್ಯೂಬಿಂಗನ್‌ನಲ್ಲಿ. 1836ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೈದು ವಯಸ್ಸು. ಬಲ್ಮಠದ ಗುಡ್ಡದ ಮೇಲೆ ಹುಡುಗರಿಗೆ ಶಾಲೆ, ಉಪದೇಶಿಗಳಿಗೆ ಸೆಮಿನರಿ ಕಟ್ಟಿದರು. ಇವತ್ತೂ ಅಲ್ಲಿ ದೇವಶಾಸ್ತ್ರದ ಕಾಲೇಜು ಇದೆ. ಪತ್ರಿಕೆ ತಂದರು. ಮೊಳೆ ಅಚ್ಚಿನ ಅನುಕೂಲ ಬೇಕು ಅಂತ ಮರುವರ್ಷ ಅದನ್ನು ಬಳ್ಳಾರಿಗೆ ಒಯ್ದರು. ಅಲ್ಲಿ ಅದರ ಹೆಸರು 'ಕನ್ನಡ ಸಮಾಚಾರ' ಆಯಿತು.

ನನ್ನ ಲೆಕ್ಕದಲ್ಲಿ ಪತ್ರಿಕೆಗಿಂತಲೂ ದೊಡ್ಡ ಕೆಲಸ ಇನ್ನೊಂದಿದೆ. ಹಳೆಯ ಕನ್ನಡ ಕಾವ್ಯಗಳ ಓಲೆಗರಿ, ಕೈಬರಹಗಳನ್ನು ಕಲೆಹಾಕಿ ಕಲ್ಲಚ್ಚಿನಲ್ಲಿ ಪುಸ್ತಕ ಮಾಡಿದ್ದು. ಇದಕ್ಕೆ ದುಡ್ಡು ಕೊಟ್ಟವರು ಕಾಸಾಮೇಜರ್ ಅನ್ನುವ ನಿವೃತ್ತ ನ್ಯಾಯಾಧೀಶರು. ನೀಲಗಿರಿಯ ಕೇತಿಯಲ್ಲಿದ್ದರು. 1848ರಿಂದ 1853ರವರೆಗೆ ಆ ಮಾಲೆ ನಡೆಯಿತು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು. ಸುಮ್ನೆ ಊಹಿಸಿಕೊಳ್ಳಿ. ಕ್ರೈಸ್ತ ಧರ್ಮ ಸಾರಲಿಕ್ಕೆ ಬಂದವರು ಪುರಂದರದಾಸರ ಪದಗಳನ್ನು ಅಚ್ಚು ಹಾಕಿಸುತ್ತಿದ್ದಾರೆ. ಅವರ ಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ ಜೊತೆಗಿದ್ದರು. ಜನರ ಮನಸ್ಸು ತಿಳಿಯಬೇಕಾದರೆ ಅವರು ಹಾಡುವುದನ್ನು ಓದಬೇಕು ಅನ್ನುವ ನಂಬಿಕೆ ಇಲ್ಲದೆ ಇಷ್ಟು ಶ್ರಮ ಯಾರೂ ಪಡುವುದಿಲ್ಲ.

ಹೀಗೆ 16 ವರ್ಷ. ಕರಾವಳಿಯ ಸೆಖೆ, ಮಳೆ, ಜ್ವರ. ದೇಹ ಸೋತಿತ್ತು. 1852ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಯುರೋಪಿಗೆ ಹೊರಡುವ ತಯಾರಿಯಲ್ಲಿದ್ದರು. ಆಗ ಅವರ ಬಾಗಿಲಿಗೆ ಕೊಡಗಿನಿಂದ ಒಬ್ಬರು ಬಂದರು.

ಆಲಮಂಡ ಸೋಮಯ್ಯ. ಕೊಡವರು, ಸಂನ್ಯಾಸಿ ಆಗಿದ್ದವರು. ತಾನು ಕ್ರೈಸ್ತನಾಗಬೇಕು, ನೀವು ಕೊಡಗಿಗೆ ಬರಬೇಕು. ಇಷ್ಟೇ ಅವರ ಬೇಡಿಕೆ.

ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಾಮಾನ್ಯವಾಗಿ ನಾವು ಕೇಳುವ ಮಿಶನರಿ ಕಥೆಯಲ್ಲಿ ಹೊರಗಿನವರು ಕಾಡು, ನದಿ ದಾಟಿ ಒಳಗೆ ಬರುತ್ತಾರೆ. ಊರಿನವರು ತಮ್ಮ ಪಾಡಿಗೆ ಕೂತಿರುತ್ತಾರೆ. ಇಲ್ಲಿ ಮೊದಲು ಕಾಡು ದಾಟಿದವರು ಸೋಮಯ್ಯ. ಘಟ್ಟ ಇಳಿದು ಹೋಗಿ, ಹುಡುಕಿ, ಕೇಳಿದವರು ಅವರು.

ಆಗಿನ ಕೊಡಗು ಹೇಗಿತ್ತು ಅನ್ನುವುದೂ ಮುಖ್ಯ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ರಾಜ್ಯ ತೆಗೆದುಕೊಂಡು, ಅವನನ್ನು ಕಾಶಿಗೆ ಕಳಿಸಿತ್ತು. ಅಂದರೆ ಅರಸ ಹೋಗಿ 18 ವರ್ಷ. ಹಳೆಯದು ಮುರಿದಿದೆ, ಹೊಸದು ಇನ್ನೂ ಕೂತಿಲ್ಲ. ಅದೇ 1852ರಲ್ಲಿ ಆ ಅರಸ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಜೂನ್ 30ರಂದು ಅವಳಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತಳು, ತನ್ನ ಹೆಸರನ್ನೂ ಕೊಟ್ಟಳು. ಇಂಗ್ಲೆಂಡಿನ ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ಒಂದೇ ವರ್ಷ, ಒಂದೇ ನಾಡು. ಒಂದು ಮಗು ಅರಮನೆಯೊಳಗೆ, ಇನ್ನೊಬ್ಬರು ಮಂಗಳೂರಿನ ಒಂದು ಬಾಗಿಲ ಮುಂದೆ. ಗೌರಮ್ಮನ ವಿಷಯದಲ್ಲಿ ನಿರ್ಧಾರ ಮಾಡಿದ್ದು ಅಪ್ಪ. ಸೋಮಯ್ಯ ತಾವೇ ನಿರ್ಧಾರ ಮಾಡಿದ್ದರು.

ಮೋಗ್ಲಿಂಗ್ ಆಗ ಏನು ಮಾಡಬಹುದಿತ್ತು? ಬಾಸೆಲ್‌ಗೆ ಪತ್ರ ಬರೆಯಬಹುದಿತ್ತು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಆರೋಗ್ಯ ಸರಿ ಇಲ್ಲ, ಎರಡು ವರ್ಷ ಬಿಟ್ಟು ಬರುತ್ತೇನೆ ಅನ್ನಬಹುದಿತ್ತು. ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಪ್ರಯಾಣ ಬಿಟ್ಟು ಸೋಮಯ್ಯನವರ ಜೊತೆ ಕೊಡಗಿಗೆ ಬಂದರು. 1853ರ ಹೊತ್ತಿಗೆ ಇಲ್ಲೇ ನೆಲೆಯಾದರು. ಕೊಡಗು ಆಗ ಮಿಶನ್ನಿನ ಠಾಣೆ ಆಗಿರಲಿಲ್ಲ. ಕೆಲವು ವರ್ಷ ಇದು ಅವರದೇ ಹೊಣೆಯ ಕೆಲಸವಾಗಿ ನಡೆದು, ಆಮೇಲಷ್ಟೇ ಬಾಸೆಲ್ ಮಿಶನ್ ಅದನ್ನು ವಹಿಸಿಕೊಂಡಿತು.

ಇದಕ್ಕೂ ಮೊದಲು ಅವರ ಗೆಳೆಯರೊಬ್ಬರ ಬದುಕು ಹೀಗೇ ತಿರುಗಿತ್ತು. ಹರ್ಮನ್ ಗುಂಡರ್ಟ್. ಇಬ್ಬರೂ ಟ್ಯೂಬಿಂಗನ್‌ನಲ್ಲಿ ಜೊತೆಗೆ ಓದಿದವರು. ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ಸ್ಟ್ರೇಂಜ್ ಅನ್ನುವ ನ್ಯಾಯಾಧೀಶರು ತಮ್ಮ ಬಂಗಲೆಯನ್ನು ಮಿಶನ್ನಿಗೆ ಕೊಟ್ಟದ್ದರಿಂದ 1839ರಲ್ಲಿ ಗುಂಡರ್ಟ್ ಮಂಗಳೂರು ಬಿಟ್ಟು ಅಲ್ಲಿಗೆ ಹೋದರು. ಮುಂದೆ ಮಲಯಾಳಂನ ಮೊದಲ ಪತ್ರಿಕೆ ತಂದರು, ದೊಡ್ಡ ನಿಘಂಟು ಮಾಡಿದರು. ಯಾರೋ ಒಂದು ಮನೆ ಕೊಟ್ಟರು, ಒಂದು ಭಾಷೆಗೆ ನಿಘಂಟು ಸಿಕ್ಕಿತು. ಆಶ್ಚರ್ಯ ಅಲ್ವಾ?

ಆದರೆ ಗುಂಡರ್ಟ್‌ರಿಗೆ ಸಿಕ್ಕಿದ್ದು ಖಾಲಿ ಬಂಗಲೆ. ಮೋಗ್ಲಿಂಗ್ ಬಂದದ್ದು ಜನ ಇರುವ ಮನೆಗೆ, ಒಂದು ಒಕ್ಕದ, ಅಂದರೆ ಕೊಡವ ಮನೆತನದ ನಡುವೆ.

ಒಕ್ಕ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಘಟ್ಟದ ಕೆಳಗಿನ ನಮಗೆ ಅದರ ತೂಕ ಬೇಗ ಅರ್ಥವಾಗುವುದಿಲ್ಲ. ಒಕ್ಕದ ಮೂಲಮನೆಯಾದ ಐನ್‌ಮನೆ ಒಬ್ಬರದಲ್ಲ, ಎಲ್ಲರದು. ಭೂಮಿಯೂ ಹಾಗೇ. ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ ಎಡೆ ಇಡುವಾಗ ಒಕ್ಕದವರೆಲ್ಲ ಇರಬೇಕು. ಸುಗ್ಗಿಯ ಹಬ್ಬ ಪುತ್ತರಿಯ ದಿನ ಕದಿರು ತೆಗೆಯಲು ಎಲ್ಲರೂ ಸೇರಿ ಗದ್ದೆಗೆ ಇಳಿಯಬೇಕು. ಮದುವೆಯಲ್ಲಿ, ಸಾವಿನಲ್ಲಿ ಹೆಗಲು ಕೊಡುವವರು ಇವರೇ. ಒಕ್ಕದ ಹೆಸರು ಬಿಟ್ಟರೆ ಮನುಷ್ಯನಿಗೆ ಅರ್ಧ ಹೆಸರೇ ಹೋದ ಹಾಗೆ.

ಸೋಮಯ್ಯ ದೀಕ್ಷಾಸ್ನಾನ ಪಡೆದು ಸ್ತೆಫಾನಸ್ ಸೋಮಯ್ಯ ಆದರು. ಜಾತಿಯಿಂದ ಹೊರಗಾದರು. ಅವರ ಹೆಂಡತಿ, ಮಕ್ಕಳೂ ಅದನ್ನು ಅನುಭವಿಸಿದರು. ಅದಕ್ಕೆ ಸ್ವಲ್ಪ ಮೊದಲು, 1850ರಲ್ಲಿ, ಕಂಪನಿ ಸರ್ಕಾರ ಒಂದು ಕಾಯಿದೆ ಮಾಡಿತ್ತು. ಧರ್ಮ ಬಿಟ್ಟ ಮಾತ್ರಕ್ಕೆ, ಜಾತಿಯಿಂದ ಹೊರಗಾದ ಮಾತ್ರಕ್ಕೆ ಯಾರೂ ಆಸ್ತಿಯ ಹಕ್ಕು ಕಳೆದುಕೊಳ್ಳುವುದಿಲ್ಲ ಅಂತ. ಕಾಗದದ ಮೇಲೆ ನ್ಯಾಯ ಇತ್ತು. ಆದರೆ ಕಾಯಿದೆ ಹೆಚ್ಚೆಂದರೆ ಗದ್ದೆಯ ಪಾಲು ಕೊಡಿಸಬಹುದು. ಪುತ್ತರಿಯ ರಾತ್ರಿ ಬಾ, ನಮ್ಮ ಜೊತೆ ಕೂತು ಉಣ್ಣು ಅಂತ ಯಾವ ಕಾಯಿದೆ ಕರೆಸುತ್ತದೆ?

ಒಕ್ಕದವರನ್ನು ನಾನು ಬೈಯಲಾರೆ. ರಾಜ್ಯ ಕಳೆದುಕೊಂಡು ಇಪ್ಪತ್ತು ವರ್ಷ ಆಗಿಲ್ಲ. ರಾಜ್ಯ ತೆಗೆದುಕೊಂಡವರ ಬಣ್ಣದವರೇ ಒಬ್ಬರು ಮನೆಯ ಮಗನ ಜೊತೆ ಅಂಗಳಕ್ಕೆ ಬಂದು ನಿಂತಿದ್ದಾರೆ. ಇವರು ಜರ್ಮನರು, ಇಂಗ್ಲಿಷರಲ್ಲ ಅನ್ನುವ ವ್ಯತ್ಯಾಸ ಅಂಗಳದಲ್ಲಿ ನಿಂತವರಿಗೆ ಎಷ್ಟು ಕಂಡೀತು? ಭಯ ಆಗುವುದು ಸಹಜ. ಕೊಡವರಲ್ಲಿ ಆ ದಾರಿ ಹಿಡಿದವರು ಕೊನೆಗೂ ಬೆರಳೆಣಿಕೆಯಷ್ಟೇ.

ಆದರೆ ಸೋಮಯ್ಯನವರನ್ನು ಮರೆತದ್ದು ಮಾತ್ರ ನನಗೆ ನೋವು ಕೊಡುತ್ತದೆ. ಮೋಗ್ಲಿಂಗ್ ಪ್ರಯಾಣ ಬಿಟ್ಟರು ಅಂತ ಹೇಳಿದೆನಲ್ಲ. ಅವರು ಕಳೆದುಕೊಂಡದ್ದು ವಿಶ್ರಾಂತಿ, ಮುದ್ರಣಾಲಯ, ಗೆಳೆಯರ ಸಹವಾಸ. ಸೋಮಯ್ಯ ಹುಟ್ಟಿದ ನೆಲದಲ್ಲೇ ಇದ್ದು ಮನೆ ಕಳೆದುಕೊಂಡರು. ಮಿಶನರಿಗೆ ಊರು ಬದಲಾಯಿತು. ಇವರಿಗೆ ಊರು ಅದೇ ಇತ್ತು, ಊರಿನವರು ಬದಲಾದರು. ಯಾವುದು ಹೆಚ್ಚು ಕಷ್ಟ ಅಂತ ನನಗಂತೂ ಸಂಶಯ ಇಲ್ಲ.

ಇಲ್ಲಿಗೆ ಬಂದ ಮೇಲೆ ಮೋಗ್ಲಿಂಗ್ ಸುಮ್ಮನೆ ಕೂರಲಿಲ್ಲ. ಕೊಡಗಿನ ಬಗ್ಗೆ, ಇಲ್ಲಿನ ಜನ, ಅರಸರು, ತಮ್ಮ ಕೆಲಸ, ಎಲ್ಲದರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಕೊಡಗಿನ ಅರಸರ ಚರಿತ್ರೆ 'ರಾಜೇಂದ್ರನಾಮೆ' ಕನ್ನಡದಲ್ಲೇ ಇತ್ತು. 1857ರಲ್ಲಿ ಅದನ್ನು ಮಂಗಳೂರಿನಿಂದ ಪ್ರಕಟಿಸಿದರು. ಮರುವರ್ಷ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. ಈ ನಡುವೆ ವೈಗ್ಲೆ ತೀರಿಕೊಂಡಿದ್ದರು. ಅವರ ಪತ್ನಿ ಪೌಲಿನೆ ಅವರನ್ನು ಮೋಗ್ಲಿಂಗ್ ಮದುವೆಯಾದರು.

ಇನ್ನೊಂದು ಕೆಲಸ ಆನಂದಪುರದ್ದು. ನಿಮ್ಮಲ್ಲಿ ಸಿದ್ದಾಪುರದ ಕಡೆಯವರಿಗೆ ಆ ಚರ್ಚು ಗೊತ್ತಿರುತ್ತದೆ. ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ದಲಿತರು ಮೋಗ್ಲಿಂಗ್ ಹತ್ತಿರ ಬಂದಾಗ ಅವರಿಗೆ ಮೊದಲು ಬೇಕಾದದ್ದು ಕಾಲಿಡಲು ನೆಲ. ಕಾಡು ಕೊಂಡು, ಕಾಫಿ ತೋಟ ಮಾಡಿ, ಒಂದು ಊರನ್ನೇ ಎಬ್ಬಿಸಿದರು. ಆನಂದಪುರ ಅಂತ ಹೆಸರಿಟ್ಟರು. ಮಂಗಳೂರಿನಲ್ಲಿ ಕಾವ್ಯ ಅಚ್ಚು ಹಾಕಿಸುತ್ತಿದ್ದವರು ಇಲ್ಲಿ ಕಾಫಿ ಗಿಡ ನೆಡುವ ಲೆಕ್ಕ ಹಾಕುತ್ತಿದ್ದರು. ಬಾಸೆಲ್‌ನ ಯಾವ ಸಮಿತಿ ಇಂಥ ಆರ್ಡರ್ ಬರೆಯುತ್ತಿತ್ತು ಹೇಳಿ.

1860ರಲ್ಲಿ ಪೌಲಿನೆಯವರ ಆರೋಗ್ಯ ಕೆಟ್ಟಿತು. ಎಂಟು ವರ್ಷ ಮುಂದೂಡಿದ್ದ ಪ್ರಯಾಣ ಆಗ ನಡೆಯಿತು. ಮೋಗ್ಲಿಂಗ್ ಮತ್ತೆ ಕೊಡಗಿಗೆ ಬರಲಿಲ್ಲ. ಆದರೆ 1866ರಲ್ಲಿ ಇನ್ನೊಬ್ಬರ ಜೊತೆ ಸೇರಿ ಜರ್ಮನ್ ಭಾಷೆಯಲ್ಲಿ ಮತ್ತೊಂದು ಪುಸ್ತಕ ತಂದರು. ಅದೂ ಕೊಡಗಿನ ಬಗ್ಗೆಯೇ. 16 ವರ್ಷ ಇದ್ದ ಕರಾವಳಿಗಿಂತ ಏಳೆಂಟು ವರ್ಷ ಇದ್ದ ಘಟ್ಟವೇ ಅವರ ಮನಸ್ಸಿನಲ್ಲಿ ಕೂತಿತ್ತು ಅಂತ ನನಗೆ ಅನ್ನಿಸುತ್ತದೆ. 1881ರಲ್ಲಿ ಎಸ್‌ಲಿಂಗನ್‌ನಲ್ಲಿ ತೀರಿಕೊಂಡರು.

ಅವರು ತೆರೆದ ದಾರಿಯಲ್ಲಿ ಬೇರೆಯವರು ಬಂದರು. ಜಾರ್ಜ್ ರಿಕ್ಟರ್ ಇಲ್ಲಿ ಶಾಲೆ ನಡೆಸಿದರು, 1870ರಲ್ಲಿ ಕೊಡಗಿನ ಕೈಪಿಡಿ ಬರೆದರು. ನಿಘಂಟಿನ ಕಿಟ್ಟೆಲ್ ಕೂಡ ಕೆಲವು ವರ್ಷ ಈ ಮಡಿಕೇರಿಯ ಮಳೆಯಲ್ಲಿ ಕೂತು ಕೆಲಸ ಮಾಡಿದರು. ಅವರ ಕಥೆ ಇನ್ನೊಂದು ದಿನಕ್ಕೆ ಇರಲಿ.

ನನ್ನದು ಒಂದು ಕೋರಿಕೆ. ಮುಂದಿನ ಜುಲೈ 1ರಂದು ಇಲ್ಲಿ ಪತ್ರಿಕಾ ದಿನ ಮಾಡುತ್ತೀರಿ, ಮೋಗ್ಲಿಂಗ್ ಫೋಟೋ ಇಡುತ್ತೀರಿ. ಸೋಮಯ್ಯನವರ ಫೋಟೋ ಸಿಗಲಿಕ್ಕಿಲ್ಲ. ಒಂದು ರಟ್ಟಿನ ಮೇಲೆ ಹೆಸರನ್ನಾದರೂ ಬರೆದು ಪಕ್ಕದಲ್ಲಿ ಇಡಿ. ಆಲಮಂಡ ಸೋಮಯ್ಯ ಅಂತಲೇ ಬರೆಯಿರಿ. ಒಕ್ಕದ ಹೆಸರು ಬಿಡಬೇಡಿ.